ಹದಿಮೂರನೇ ಟೇಬಲ್

ನಮ್ಮ ಹೋಟೆಲಿನಲ್ಲಿ ಹನ್ನೆರಡೇ ಟೇಬಲ್ಲು.
ಭಾಂಡುಪ್ ಸ್ಟೇಷನ್ನಿನಿಂದ ಇಳಿದು ಬಂದರೆ
ಚಪ್ಪಲಿ ಅಂಗಡಿಗೂ ಎಕ್ಸ್‌ರೇ ಸೆಂಟರಿಗೂ ನಡುವೆ
ಒಂದು ಬಾಗಿಲು, ಬಾಗಿಲ ಹಿಂದೆ ಗಲ್ಲೆ,
ಗಲ್ಲೆಯ ಹಿಂದೆ ಹತ್ತೊಂಬತ್ತು ವರ್ಷದಿಂದ ನಾನು.

ರಾತ್ರಿ ಶಟರ್ ಅರ್ಧ ಇಳಿದ ಮೇಲೆ
ನೋಟು ಬೇರೆ, ಚಿಲ್ಲರೆ ಬೇರೆ, ಫೋನಿಗೆ ಬಂದದ್ದು ಬೇರೆ.
ಒಂದು ಇಡ್ಲಿಯ ಲೆಕ್ಕ ತಪ್ಪಿದರೂ ನಿದ್ದೆ ಹತ್ತದು.
ಧಣಿಗಳು ಹೇಳುತ್ತಾರೆ:
ಕುಂದರ್ ಕೂತರೆ ಗಲ್ಲೆಗೆ ಬೀಗ ಬೇಡ.

ಅದೇ ಕುಂದರನ ಕಿಸೆಯಲ್ಲಿ
ತಿಂಗಳ ಹದಿನೆಂಟಕ್ಕೇ ಅಮಾವಾಸ್ಯೆ.

ಆ ದಿನ ಎರಡು ರೂಪಾಯಿಗಾಗಿ
ಸೇಸಪ್ಪನನ್ನು ಬೈದಿದ್ದೆ, ಗಿರಾಕಿಗಳ ಎದುರೇ.
"ಲೆಕ್ಕ ಅಂದ್ರೆ ಲೆಕ್ಕ" ಎಂದು ಮೇಜು ಗುದ್ದಿದ್ದೆ.
ಮೇಜಿನ ಮೇಲಿನ ಫೋನು ಆಗಲೇ ಮಿಣುಕಿತು:
ಫ್ರಿಜ್ಜಿನ ಕಂತು ಬ್ಯಾಂಕಿನಿಂದ ಮರಳಿದೆ,
ದಂಡ ಐನೂರ ತೊಂಬತ್ತು.
ಸೇಸಪ್ಪ ಅದನ್ನು ಓದಲಿಲ್ಲ.
ಖಾಲಿ ಲೋಟಗಳನ್ನು ಐದು ಬೆರಳಿಗೆ ಸಿಕ್ಕಿಸಿಕೊಂಡು
ಒಳಗೆ ಹೋದ. ನನ್ನ ಕಿವಿ ಮಾತ್ರ
ಒಲೆ ಆರಿಸಿದ ಮೇಲೂ ತವೆಯ ಹಾಗೆ ಕಾದೇ ಇತ್ತು.

ಮೊದಲೇನು ಪ್ರಯತ್ನ ಮಾಡಿರಲಿಲ್ಲವೇ?
ಮೂರು ಹೊಸ ವರ್ಷದ ಡೈರಿಗಳು
ಸಂಕ್ರಾಂತಿ ಕಾಣದೆ ತೀರಿಕೊಂಡವು.
ಮಣ್ಣಿನ ಹುಂಡಿ ಚೌತಿಗೆ ಒಡೆದೆ.
ಯಾವುದೋ ಆ್ಯಪು ನನ್ನ ಸಂಬಳವನ್ನು
ಬಣ್ಣಬಣ್ಣದ ಕೇಕಿನಂತೆ ಕತ್ತರಿಸಿ ತೋರಿಸಿತು.
ತಿಂದು ಮುಗಿಸಿದವನಿಗೆ ಕೇಕು ತೋರಿಸಿ ಏನು ಫಲ?
ಸಿಗರೇಟು ಬಿಟ್ಟ ಖುಷಿಗೆ
ಒಂದು ವಾಚು ತೆಗೆದುಕೊಂಡೆ, ಕಂತಿನಲ್ಲಿ.

ಮರುದಿನ ಸ್ಟೇಷನ್ ರಸ್ತೆಯಲ್ಲಿ
ನನ್ನದೇ ದುಡ್ಡಿನಲ್ಲೊಂದು ಬಿಲ್ ಪುಸ್ತಕ ಕೊಂಡೆ.
ರಾತ್ರಿ ಹೋಟೆಲಿನ ಲೆಕ್ಕ ಮುಗಿದದ್ದೇ
ಮೊದಲ ಹಾಳೆಯಲ್ಲಿ ಬರೆದೆ: ಟೇಬಲ್ ನಂ. ೧೩.
ಬಿಲ್ ಪುಸ್ತಕ, ಇಪ್ಪತ್ತೈದು.
ಪಾನು, ಹದಿನೈದು.
ಮಗಳ ಜೆರಾಕ್ಸು, ಹನ್ನೆರಡು.
ರಿಕ್ಷಾ, ಇಪ್ಪತ್ತಾರು. ನಡೆಯಬಹುದಿತ್ತು.
ಒಟ್ಟು ಹಾಕಿ, ಅಡಿಗೆರೆ ಎಳೆದು, ಮನೆಗೆ ತಂದು
ಕ್ಯಾಲೆಂಡರಿನ ಪಕ್ಕದ ತಂತಿಗೆ ಚುಚ್ಚಿದೆ.
ಗಿರಾಕಿಯ ಮುಖ ನೋಡಲು ತಲೆ ಎತ್ತಲಿಲ್ಲ.

ಅಷ್ಟೇ. ಉಳಿತಾಯ ಗಿಳಿತಾಯ ಎಂದು ಬಾಯಿ ಬಿಡಲಿಲ್ಲ.
ಹೊಸ ಎತ್ತನ್ನು ಒಂಟಿಯಾಗಿ ಹೂಡಬಾರದು,
ಹಳೆ ಎತ್ತಿನ ಜೊತೆ ನೊಗಕ್ಕೆ ಕಟ್ಟಬೇಕು
ಎನ್ನುತ್ತಿದ್ದ ಅಜ್ಜನಿಗೆ ನೊಗ ಗೊತ್ತಿತ್ತು,
ಕ್ರೆಡಿಟ್ ಕಾರ್ಡು ಗೊತ್ತಿರಲಿಲ್ಲ.

ಸೇಸಪ್ಪ ಬಿಲ್ ಬರೆಸುವ ಮುನ್ನ
ಪ್ರತಿ ಟೇಬಲಿಗೂ ಬಗ್ಗಿ ಕೇಳುತ್ತಾನೆ:
"ಔರ್ ಕುಛ್, ಸಾಬ್?"
ಬೂಟಿನ ಅಂಗಡಿಯ ಗಾಜಿನೆದುರು ನಿಂತರೆ
ಈಗ ಅದೇ ದನಿ ನನ್ನ ಭುಜದ ಹಿಂದೆ.
ಕೆಲವು ಸಲ "ಕುಛ್ ನಹೀ" ಎನ್ನುತ್ತೇನೆ.
ಕೆಲವು ಸಲ ಬೂಟು ಕೊಳ್ಳುತ್ತೇನೆ.

ತಪ್ಪಿದ್ದೂ ಇದೆ.
ಮಾವ ತೀರಿಕೊಂಡಾಗ ಊರಿನಲ್ಲಿದ್ದ ಹದಿನಾರು ದಿನ
ಒಂದಕ್ಷರ ಬರೆಯಲಿಲ್ಲ. ಕೈಬಿಟ್ಟೆ ಎಂದುಕೊಂಡೆ.
ಆದರೆ ರೈಲು ಮುಳುಗಿದ ಆ ಜುಲೈಯಲ್ಲಿ
ಒಂದು ದಬರಿ ವಡೆ ಹಳಸಿ ಚೆಲ್ಲಿದೆವಲ್ಲ,
ಮರುದಿನ ಐದಕ್ಕೆ ಭಟ್ಟರು ಉದ್ದು ರುಬ್ಬದೆ ಬಿಟ್ಟರೇ?
ನಾನೂ ಬಂದು ಶಟರ್ ಎತ್ತಿದೆ.
ಟೇಬಲ್ ನಂ. ೧೩. ಚಹಾ, ಹತ್ತು.

ಮೊನ್ನೆ ಭಾನುವಾರ ಲೋಲಾಕ್ಷಿ
ತಂತಿ ಇಳಿಸಿ ಧೂಳು ಒರೆಸುತ್ತ ಓದತೊಡಗಿದಳು.
'ನಡೆಯಬಹುದಿತ್ತು' ಎಂಬಲ್ಲಿ ನಕ್ಕಳು.
ಆಮೇಲೆ ಹೊಲಿಗೆ ಮಿಷನ್ನಿನ ಖಾನೆಯಿಂದ
ಮೂಲೆ ಮಡಚಿದ ಪುಸ್ತಕ ತೆಗೆದು ಮುಂದಿಟ್ಟಳು.
ಹನ್ನೊಂದು ವರ್ಷದ ಲೆಕ್ಕ. ಸೀರೆಗೆ ಫಾಲು, ನಲವತ್ತು.
ಪಿಗ್ಮಿ, ಇಪ್ಪತ್ತು. ಬಲಕ್ಕೊಂದು ಉದ್ದ ಗೆರೆ,
ಗೆರೆಯ ನೆತ್ತಿಯಲ್ಲಿ 'ಇವರು'.
ಆ ಸಾಲಿನಲ್ಲಿ ಫ್ರಿಜ್ಜಿನ ಕಂತು. ಐನೂರ ತೊಂಬತ್ತು.
ಯಾವತ್ತೂ ಬಿಲ್ ಕೊಡದೆ ಎದ್ದುಹೋದ
ಹಳೇ ಗಿರಾಕಿ ನಾನು.

ದೊಡ್ಡ ಸಂಸಾರ ಊಟಕ್ಕೆ ಬಂದಾಗ
ಸೇಸಪ್ಪ ಎರಡು ಟೇಬಲು ಎಳೆದು ಜೋಡಿಸುತ್ತಾನೆ,
ಕಾಲುಗಳು ನೆಲ ಕೆರೆದು ಕಿರ್ರೆನ್ನುತ್ತವೆ.
ಹಾಗೇ ಕೂತೆವು, ಪುಸ್ತಕಕ್ಕೆ ಪುಸ್ತಕ ತಾಗಿಸಿ.
ನಡುವಿನ ಸಂದಿಯಲ್ಲಿ
ಸಾಂಬಾರು ಸೋರುವುದು ಇದ್ದೇ ಇದೆ.